ಎಸಿ ಪೈಪಿನಿಂದ ಗೋಪುರದವರೆಗೆ: ಇಟಲಿಯ ಸಬ್‌ಮರೀನ್‌ಗಳು ಯುದ್ಧದಲ್ಲಿ ಎಷ್ಟು ಕೆಲಸಕ್ಕೆ ಬಂದವು?

1940ರ ಜೂನ್ 10ರಂದು ಇಟಲಿ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಐದೇ ದಿನಕ್ಕೆ ಕೆಂಪು ಸಮುದ್ರದಲ್ಲಿ ಒಂದು ಸಬ್‌ಮರೀನ್ ಕೈಬಿಟ್ಟುಹೋಯಿತು. ಅದನ್ನು ಹೊಡೆದವರು ಯಾರೂ ಇಲ್ಲ. 'ಮಕಲ್ಲೆ' ಎಂಬ ಆ ನೌಕೆ ಸುಡಾನಿನ ಕರಾವಳಿಯಾಚೆಯ ಬಾರ್ ಮೂಸಾ ಕೆಬೀರ್ ಎಂಬ ಪುಟ್ಟ ದಿಬ್ಬದ ಹವಳದ ಬಂಡೆಗೆ ತಾನಾಗಿಯೇ ಹೋಗಿ ಹತ್ತಿಕೊಂಡಿತು. ದಿಕ್ಕು ನೋಡಬೇಕಾದವರ ತಲೆಯೇ ನೆಟ್ಟಗಿರಲಿಲ್ಲ. ತಲೆ ಕೆಡಿಸಿದ್ದು ನೌಕೆಯ ಎಸಿ.

ಆ ಕಾಲದ ಇಟಲಿಯ ಸಬ್‌ಮರೀನ್‌ಗಳ ತಂಪು ಯಂತ್ರಗಳಲ್ಲಿ ಓಡುತ್ತಿದ್ದದ್ದು ಮೀಥೈಲ್ ಕ್ಲೋರೈಡ್. ಬಣ್ಣವಿಲ್ಲದ ಅನಿಲ. ವಾಸನೆ ಇದೆ, ಆದರೆ ತೀರಾ ತೆಳು, ಸ್ವಲ್ಪ ಸಿಹಿ. ಡೀಸೆಲ್ಲು, ಬೆವರು, ಅಡುಗೆ, ಬ್ಯಾಟರಿ ಆಮ್ಲ ಎಲ್ಲದರ ಘಾಟು ಕಲೆತ ಉಕ್ಕಿನ ಕೊಳವೆಯೊಳಗೆ ಅದು ಯಾರ ಮೂಗಿಗೂ ತಾಕುವುದಿಲ್ಲ. ಗಾಳಿಗಿಂತ ಹೆಚ್ಚುಕಡಿಮೆ 1.8 ಪಟ್ಟು ಭಾರವಾದ್ದರಿಂದ ಕೆಳಗೇ ಕೂರುತ್ತದೆ, ಅಂದರೆ ಮಲಗಿದವರ ಮುಖದ ಮಟ್ಟಕ್ಕೆ. ಒಳಗೆ ಹೋದರೆ ಮೊದಲು ಮಂಪರು, ಆಮೇಲೆ ಕುಡಿದವರ ನಡಿಗೆ, ಆಮೇಲೆ ಭ್ರಮೆ. ಇನ್ನೂ ಹೆಚ್ಚಾದರೆ ಸೆಳವು, ಸಾವು. 1920ರ ದಶಕದ ಕೊನೆಯಲ್ಲಿ ಅಮೆರಿಕದ ಮನೆಗಳಲ್ಲಿ ಫ್ರಿಜ್‌ನಿಂದ ಇದೇ ಅನಿಲ ಸೋರಿ ಜನ ಸತ್ತಿದ್ದರು. ವಿಷವಲ್ಲದ ತಂಪು ಅನಿಲವೆಂದು ಫ್ರಿಯಾನ್ ಹುಟ್ಟಿದ್ದರ ಹಿಂದೆ ಇಂಥ ಸಾವುಗಳಿದ್ದವು. ಇಟಲಿಯ ನೌಕೆಗಳಲ್ಲಿ ಮಾತ್ರ ಹಳೆಯದೇ ಉಳಿದುಕೊಂಡಿತ್ತು.

ಭೂಮಧ್ಯ ಸಮುದ್ರದಲ್ಲಿ ಹೇಗೋ ನಡೆಯುತ್ತಿದ್ದ ವ್ಯವಸ್ಥೆ ಕೆಂಪು ಸಮುದ್ರದ ದಡದ ಇಟಲಿಯ ನೆಲೆ ಮಸ್ಸಾವಾದಲ್ಲಿ ಕೈಕೊಟ್ಟದ್ದೇಕೆ? ಜೂನ್ ತಿಂಗಳ ಕೆಂಪು ಸಮುದ್ರದ ನೀರೇ 30 ಡಿಗ್ರಿ ದಾಟಿರುತ್ತದೆ. ಕಂಡೆನ್ಸರನ್ನು ತಂಪು ಮಾಡಬೇಕಾದ ನೀರು ಬಿಸಿಯಾದಷ್ಟೂ ಪೈಪಿನೊಳಗಿನ ಒತ್ತಡ ಏರುತ್ತದೆ. ಎಸಿ ಬಿಡುವಿಲ್ಲದೆ ಓಡುತ್ತದೆ, ಎಂಜಿನ್ನಿನ ನಡುಕಕ್ಕೆ ಜೋಡಣೆಗಳು ಸಡಿಲವಾಗುತ್ತವೆ. ಮೇಲೆ ತೇಲುತ್ತಿದ್ದಾಗ ಸೋರಿದರೆ ತೆರೆದ ಬಾಗಿಲಿನಿಂದ ಗಾಳಿ ಆಡಿ ಹೋಗಿಬಿಡುತ್ತದೆ. ಮುಳುಗಿದಾಗ ಎಲ್ಲಿಗೆ ಹೋಗಬೇಕು? ಹೀಗಾಗಿ ನೌಕೆ ಶತ್ರುವಿನಿಂದ ಅಡಗಿದ ಹೊತ್ತಿನಲ್ಲೇ ಸಿಬ್ಬಂದಿಗೆ ವಿಷ ಏರುತ್ತಿತ್ತು. ಅದಕ್ಕಿದ್ದ ಮದ್ದು ಒಂದೇ, ಮೇಲೆ ಬರುವುದು. ಮೇಲೆ ಬಂದರೆ ಶತ್ರು ಕಾಯುತ್ತಿರುತ್ತಾನೆ.

'ಗೆಲಿಲಿಯೋ ಗೆಲಿಲಿ'ಗೆ ಆದದ್ದು ಇದೇ. ಜೂನ್ 16ರಂದು ಅದು ಏಡನ್ ಹತ್ತಿರ 'ಜೇಮ್ಸ್ ಸ್ಟೋವ್' ಎಂಬ ನಾರ್ವೆಯ ಟ್ಯಾಂಕರನ್ನು ಮುಳುಗಿಸಿತು. ಎರಡು ದಿನ ಬಿಟ್ಟು ಒಂದು ಯುಗೊಸ್ಲಾವ್ ಹಡಗನ್ನು ಗುಂಡು ಹಾರಿಸಿ ನಿಲ್ಲಿಸಿ, ತಟಸ್ಥ ದೇಶದ್ದೆಂದು ಬಿಟ್ಟುಕೊಟ್ಟಿತು. ಗುಂಡಿನ ಸದ್ದು ಜಾಗ ಹೇಳಿಕೊಟ್ಟಿತು, ಬ್ರಿಟಿಷರು ಹುಡುಕಿಕೊಂಡು ಬಂದರು. 19ರಂದು ಸಿಕ್ಕಿದ್ದು 'ಮೂನ್‌ಸ್ಟೋನ್' ಎಂಬ ಹಡಗಿಗೆ. ಅದು ಯುದ್ಧನೌಕೆಯೆಂದು ಕಟ್ಟಿದ್ದಲ್ಲ, ಒಂದು ನಾಲ್ಕಿಂಚಿನ ತೋಪು ಕೂರಿಸಿದ ಮೀನುಗಾರಿಕೆ ಟ್ರಾಲರ್. ಗೆಲಿಲಿಯ ಬಳಿ 100 ಮಿಲಿಮೀಟರಿನ ಎರಡು ತೋಪುಗಳಿದ್ದವು. ಕಾಗದದ ಮೇಲೆ ಇದು ಸಬ್‌ಮರೀನ್ ಗೆಲ್ಲಬೇಕಾದ ಕಾಳಗ. ಆದರೆ ಒಳಗಿನ ಜನ ಆಗಲೇ ಅನಿಲ ಕುಡಿದು ಬಸವಳಿದಿದ್ದರು. ಟ್ರಾಲರ್‌ನ ಗುಂಡುಗಳು ಗೋಪುರಕ್ಕೆ, ಅಂದರೆ ನೌಕೆಯ ಬೆನ್ನ ಮೇಲೆ ಎದ್ದ, ಕಮಾಂಡರ್ ನಿಂತು ನೋಡುವ ಕಟ್ಟಿಗೆ ಬಿದ್ದು ಕಮಾಂಡರ್ ಕೊರಾಡೊ ನಾರ್ಡಿಯೂ ಜೊತೆಗಿದ್ದ ಅಧಿಕಾರಿಗಳೂ ಸತ್ತರು. ನೌಕೆ ಶರಣಾಯಿತು, ಬ್ರಿಟಿಷರು ಅದನ್ನು ಏಡನ್‌ಗೆ ಎಳೆದುಕೊಂಡು ಹೋದರು.

ನೌಕೆ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಅದರೊಳಗಿನ ಕಾಗದಪತ್ರ ಹೋದದ್ದು. ಉಳಿದವರು ಎಲ್ಲೆಲ್ಲಿ ಕಾಯಬೇಕೆಂಬ ಆದೇಶಗಳು ಅದರಲ್ಲಿದ್ದವು. 23ರಂದು 'ಟೊರಿಚೆಲ್ಲಿ' ಪೆರಿಮ್ ದ್ವೀಪದ ಬಳಿ ಮೂರು ಡೆಸ್ಟ್ರಾಯರ್‌ಗಳ ಜೊತೆ ಮೇಲೆಯೇ ಗುಂಡಿನ ಕಾಳಗಕ್ಕೆ ನಿಂತು ಮುಳುಗಿತು. ಮಾರನೇ ದಿನ ಓಮನ್ ಕೊಲ್ಲಿಯ ಬಾಯಲ್ಲಿ 'ಗಲ್ವಾನಿ'ಯನ್ನು 'ಫಾಲ್ಮತ್' ಎಂಬ ಬ್ರಿಟಿಷ್ ನೌಕೆ ಮುಗಿಸಿತು. ಮಸ್ಸಾವಾದಲ್ಲಿದ್ದದ್ದೇ ಎಂಟು, ಹತ್ತು ದಿನಗಳೊಳಗೆ ನಾಲ್ಕು ಹೋದವು. 'ಆರ್ಕಿಮಿಡೆ'ಯಲ್ಲಿ ಇದೇ ಅನಿಲಕ್ಕೆ ನಾವಿಕರು ಸತ್ತು ಅದು ಬಂದರಿಗೆ ಮರಳಬೇಕಾಯಿತು. 'ಪೆರ್ಲಾ' ಕೂಡ ಅದೇ ಕಾಯಿಲೆಯಿಂದ ನೆಲ ಕಚ್ಚಿ, ಹೇಗೋ ಬಿಡಿಸಿಕೊಂಡು ಬಂತು.

ಗಲ್ವಾನಿಯ ಲೆಕ್ಕಕ್ಕೆ ನಮ್ಮ ಕಡೆಯ ಒಂದು ಹಡಗನ್ನೂ ಸೇರಿಸುವ ರೂಢಿ ಇದೆ. ರಾಯಲ್ ಇಂಡಿಯನ್ ನೇವಿಯ ಗಸ್ತು ನೌಕೆ 'ಪಠಾಣ್' 1940ರ ಜೂನ್ 23ರಂದು ಮುಂಬೈ ಎದುರಿಗೆ ಮುಳುಗಿತು, ಹೊಡೆದದ್ದು ಗಲ್ವಾನಿ ಎಂದು ಹಲವು ಪಟ್ಟಿಗಳಲ್ಲಿ ಬರೆದಿದೆ. ನಕ್ಷೆ ಇಟ್ಟುಕೊಂಡು ಅಳೆದು ನೋಡಿ. ಮುಂಬೈಯಿಂದ ಓಮನ್ ಕೊಲ್ಲಿಯ ಬಾಯಿಗೆ ಸುಮಾರು 950 ನಾಟಿಕಲ್ ಮೈಲಿ. ಗಲ್ವಾನಿ ತನ್ನ ಗರಿಷ್ಠ ವೇಗವಾದ 17 ನಾಟ್‌ನಲ್ಲಿ, ಅಂದರೆ ಗಂಟೆಗೆ 17 ನಾಟಿಕಲ್ ಮೈಲಿಯಂತೆ, ಎಲ್ಲೂ ನಿಲ್ಲದೆ ಓಡಿದ್ದರೂ ಎರಡು ದಿನಕ್ಕೂ ಮೀರಿ ಬೇಕು, ಅದೂ ಜೂನ್ ಕೊನೆಯ ಮುಂಗಾರಿನ ಕಡಲಲ್ಲಿ. ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳು ದಡ ಬಿಡದ ತಿಂಗಳು ಅದು. ಒಂದು ದಿನದ ಅಂತರದಲ್ಲಿ ಎರಡೂ ಕಡೆ ಅದು ಇರಲು ಸಾಧ್ಯವಿಲ್ಲ. ಪಠಾಣ್ ಮುಳುಗಲು ಕಾರಣ ಬೇರೆ ಏನೋ ಇರಬೇಕು. ಯುದ್ಧದ 'ಸ್ಕೋರ್' ಪಟ್ಟಿಗಳನ್ನು ಹೀಗೆ ಒಂದೊಂದಾಗಿ ತಟ್ಟಿ ನೋಡದೆ ಕೂಡಿಸಿದರೆ ಮೊತ್ತ ಎತ್ತಲೋ ಹೋಗುತ್ತದೆ.

ಯುದ್ಧ ಶುರುವಾದಾಗ ಇಟಲಿಯ ಬಳಿ ಸುಮಾರು 115 ಸಬ್‌ಮರೀನ್‌ಗಳಿದ್ದವು. ಆಗಿನ ಜಗತ್ತಿನ ಅತಿ ದೊಡ್ಡ ಪಡೆಗಳಲ್ಲಿ ಅದೂ ಒಂದು, ಜರ್ಮನಿ 1939ರಲ್ಲಿ ಶುರು ಮಾಡಿದ್ದರ ಹತ್ತಿರ ಹತ್ತಿರ ಎರಡರಷ್ಟು. ಮೊದಲ 20 ದಿನದಲ್ಲಿ ಅದರಲ್ಲಿ ಹತ್ತರ ಸನಿಹ ಕಳೆದುಕೊಂಡಿತು. ಕೆಂಪು ಸಮುದ್ರದ ನಾಲ್ಕಕ್ಕೆ ಎಸಿ ಕಾರಣವೆಂದರೂ ಉಳಿದವಕ್ಕೆ? 'ಪ್ರೊವಾನಾ'ವನ್ನು ಓರಾನ್ ಎದುರಿಗೆ ಒಂದು ಫ್ರೆಂಚ್ ಗಸ್ತು ನೌಕೆ ಗುದ್ದಿ ಮುಳುಗಿಸಿತು. 'ಡಯಮಂಟೆ'ಗೆ ಟೋಬ್ರುಕ್ ಹತ್ತಿರ ಬ್ರಿಟಿಷ್ ಸಬ್‌ಮರೀನ್ ಟಾರ್ಪಿಡೊ ಬಿಟ್ಟಿತು. 'ಉಯೆಬಿ ಶೆಬೆಲಿ' ಮುಳುಗುವ ಮುಂಚೆ ಅದರ ಸಂಕೇತ ಪುಸ್ತಕಗಳು ಬ್ರಿಟಿಷರ ಕೈಸೇರಿದವು. ಗೆದ್ದದ್ದೂ ಇದೆ. ಯುದ್ಧದ ಮೂರನೇ ದಿನವೇ 'ಬಾನ್ಯೊಲೀನಿ' ಕ್ರೀಟ್‌ನ ದಕ್ಷಿಣಕ್ಕೆ 'ಕ್ಯಾಲಿಪ್ಸೊ' ಎಂಬ ಬ್ರಿಟಿಷ್ ಕ್ರೂಸರನ್ನು ಹೊಡೆದು ಮುಳುಗಿಸಿತ್ತು. ಅಂದರೆ ಗುರಿ ಎದುರಿಗೆ ಬಂದರೆ ಹೊಡೆಯುವ ತಾಕತ್ತು ಇತ್ತು. ಗುರಿಯನ್ನು ಹುಡುಕಿ ಹೋಗುವುದು, ಹೊಡೆದ ಮೇಲೆ ಬದುಕಿ ಬರುವುದು, ಇವೆರಡರಲ್ಲಿ ಕೊರತೆ ಇತ್ತು. ಆ ಕೊರತೆ ಧೈರ್ಯದ್ದಲ್ಲ, ಬಹುಪಾಲು ಕಟ್ಟಿದ ರೀತಿಯದು.

ಮೊದಲು ಗೋಪುರ ನೋಡೋಣ. ಇಟಲಿಯ ಸಾಗರ ಸಬ್‌ಮರೀನಿನ ಫೋಟೊವನ್ನು ಜರ್ಮನ್ ಏಳನೇ ಮಾದರಿಯ ಪಕ್ಕದಲ್ಲಿಟ್ಟರೆ ಕಣ್ಣಿಗೆ ಹೊಡೆಯುವುದು ಅದೇ. ಜರ್ಮನಿಯದು ನೀರ ಮೇಲೆ ಇಟ್ಟ ಡಬ್ಬದಷ್ಟು. ಇಟಲಿಯದು ಉದ್ದಕ್ಕೂ ಎತ್ತರಕ್ಕೂ ಚಾಚಿದ, ಸೂರು ಹಾಕಿದ ಮನೆಯಂತೆ. ಅಡುಗೆ ಒಲೆ, ಶೌಚಾಲಯದಂಥವಕ್ಕೂ ಅದರಲ್ಲಿ ಜಾಗವಿತ್ತು. ಶಾಂತಿಕಾಲದಲ್ಲಿ ಸುಖ. ರಾತ್ರಿ ನೀರಿನ ಮೇಲೆ ತೇಲಿಕೊಂಡು ಬೆಂಗಾವಲು ತಂಡದ, ಅಂದರೆ ಯುದ್ಧನೌಕೆಗಳ ಕಾವಲಿನಲ್ಲಿ ಸಾಗುವ ಹಡಗುಗಳ, ನಡುವೆ ನುಸುಳಬೇಕಾದಾಗ ಅದೇ ದೂರದಿಂದ ಕಾಣುವ ಗುರುತು. ಬ್ರಿಟಿಷ್ ಹಡಗುಗಳಿಗೆ ರೇಡಾರ್ ಬಂದ ಮೇಲಂತೂ ಅಷ್ಟು ದೊಡ್ಡ ತಗಡು ಸೊಗಸಾಗಿ ಪ್ರತಿಧ್ವನಿ ಕೊಡುತ್ತಿತ್ತು. ಆಮೇಲೆ ಬೋರ್ಡೋದಲ್ಲಿ ಜರ್ಮನ್ನರ ಸಲಹೆಯಂತೆ ಎಷ್ಟೋ ಗೋಪುರಗಳನ್ನು ಕತ್ತರಿಸಿ ತಗ್ಗಿಸಿದರು.

ಗೋಪುರ ಕಾಣುವುದಷ್ಟೇ ತೊಂದರೆಯಲ್ಲ. ಮುಳುಗುವಾಗ ಅದರೊಳಗೆ, ಮೇಲ್ಕಟ್ಟಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಬೇಕು, ನೀರು ತುಂಬಬೇಕು. ರಂಧ್ರ ಸಣ್ಣದಿದ್ದಷ್ಟೂ ಹೊತ್ತು ಹೆಚ್ಚು. ಪಳಗಿದ ಜರ್ಮನ್ ಸಿಬ್ಬಂದಿ ಅರ್ಧ ನಿಮಿಷದೊಳಗೆ ನೀರಡಿಗೆ ಹೋಗುತ್ತಿದ್ದರು. ಇಟಲಿಯ ದೊಡ್ಡ ನೌಕೆಗಳಿಗೆ ಒಂದು ನಿಮಿಷ, ಕೆಲವಕ್ಕೆ ಅದಕ್ಕೂ ಹೆಚ್ಚು. ಮೂವತ್ತು ಸೆಕೆಂಡಿನ ವ್ಯತ್ಯಾಸ ಏನು ಮಹಾ ಅನಿಸಬಹುದು. ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ಬರುವ ವಿಮಾನ ಅರ್ಧ ನಿಮಿಷದಲ್ಲಿ 2.3 ಕಿಲೋಮೀಟರ್ ಹತ್ತಿರವಾಗುತ್ತದೆ. ಕಾವಲುಗಾರ ವಿಮಾನವನ್ನು ನಾಲ್ಕು ಕಿಲೋಮೀಟರ್ ದೂರದಲ್ಲಿ ಕಂಡ ಎನ್ನಿ. ಜರ್ಮನ್ ನೌಕೆಯ ಮೇಲೆ ವಿಮಾನ ಬರುವ ಹೊತ್ತಿಗೆ ಅಲ್ಲಿ ಬರೀ ನೊರೆ ಇರುತ್ತದೆ. ಇಟಲಿಯದರ ಬಾಲ ಇನ್ನೂ ಮೇಲೆಯೇ ಇರುತ್ತದೆ.

ಇನ್ನೊಂದು ಸಂಗತಿ ಓದುಗರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಡೀಸೆಲ್ ಎಂಜಿನ್ ಉಸಿರಾಡಬೇಕು. ಜರ್ಮನ್ ನೌಕೆಗಳಲ್ಲಿ ಗೋಪುರದ ಮೇಲ್ಭಾಗದಿಂದ ಎಂಜಿನ್ನಿಗೆ ನೇರ ಗಾಳಿಕೊಳವೆ ಇತ್ತು, ಅಲೆ ಹೆಚ್ಚಾದರೆ ಮೇಲಿನ ಬಾಗಿಲು ಮುಚ್ಚಿಯೂ ಎಂಜಿನ್ ಓಡಿಸಬಹುದಿತ್ತು. ಇಟಲಿಯವರ ಹಲವು ನೌಕೆಗಳಲ್ಲಿ ಗಾಳಿ ಒಳಬರುತ್ತಿದ್ದದ್ದು ಗೋಪುರದ ಬಾಗಿಲಿನಿಂದಲೇ. ಭೂಮಧ್ಯ ಸಮುದ್ರದ ತೆರೆಗೆ ಅದು ಸಾಕು. ಅಕ್ಟೋಬರಿನ ಉತ್ತರ ಅಟ್ಲಾಂಟಿಕ್‌ನಲ್ಲಿ ಬಾಗಿಲು ತೆರೆದರೆ ಹಸಿರು ನೀರು ಕಂಟ್ರೋಲ್ ಕೋಣೆಗೆ ಸುರಿಯುತ್ತದೆ, ವಿದ್ಯುತ್ ಫಲಕ ತೊಯ್ಯುತ್ತದೆ. ಮುಚ್ಚಿದರೆ ಎಂಜಿನ್ ನಿಲ್ಲುತ್ತದೆ. ಬಿರುಗಾಳಿಯಲ್ಲಿ ಬೆಂಗಾವಲು ತಂಡವನ್ನು ಬೆನ್ನಟ್ಟುವುದು ಅಲ್ಲಿಗೆ ಮುಗಿಯಿತು.

ಗುರಿಯ ಲೆಕ್ಕದ ಕಥೆಯೂ ಹೀಗೇ. ಟಾರ್ಪಿಡೊವನ್ನು ಹಡಗಿನ ಕಡೆ ಬಿಡುವುದಿಲ್ಲ, ಹಡಗು ಹೋಗಿ ಸೇರಲಿರುವ ಜಾಗಕ್ಕೆ ಬಿಡುತ್ತಾರೆ. ಹಡಗಿನ ವೇಗ, ಸಾಗುವ ಕೋನ, ದೂರ, ಟಾರ್ಪಿಡೊವಿನ ವೇಗ ಕೂಡಿಸಿ ಎಷ್ಟು ಮುಂದಕ್ಕೆ ಹಿಡಿಯಬೇಕೆಂದು ಲೆಕ್ಕ ಹಾಕಬೇಕು. ಹಡಗು 12 ನಾಟ್‌ನಲ್ಲಿ ಅಡ್ಡಲಾಗಿ ಸಾಗುತ್ತಿದ್ದು ಟಾರ್ಪಿಡೊ 40 ನಾಟ್‌ನದಾದರೆ ಹದಿನೇಳೂವರೆ ಡಿಗ್ರಿ ಮುಂದಕ್ಕೆ. ಅದೇ ಹಡಗು ನಿಜವಾಗಿ 15 ನಾಟ್‌ನಲ್ಲಿದ್ದರೆ 22 ಡಿಗ್ರಿ. ಆ ಮೂರು ನಾಟ್ ತಪ್ಪಿದರೆ ಟಾರ್ಪಿಡೊ ಒಂದು ನಿಮಿಷ ಓಡುವಷ್ಟರಲ್ಲಿ ಹಡಗು 90 ಮೀಟರಿಗೂ ಹೆಚ್ಚು ಆಚೆ ಹೋಗಿರುತ್ತದೆ. ನಡುವಿಗೆ ಗುರಿಯಿಟ್ಟದ್ದು ಹಿಂಬದಿಯ ನೀರಿಗೆ ಬೀಳುತ್ತದೆ. ಜರ್ಮನ್ ಸಬ್‌ಮರೀನಿನಲ್ಲಿ ಇದಕ್ಕೆ ಲೆಕ್ಕಯಂತ್ರ ಇತ್ತು, ನೌಕೆ ತಿರುಗಿದರೂ ಅದು ಕೋನ ತಿದ್ದಿಕೊಳ್ಳುತ್ತಿತ್ತು. ಇಟಲಿಯ ಕಮಾಂಡರ್ ಕೈಲೆಕ್ಕ ಹಾಕಿ, ಬಹುಮಟ್ಟಿಗೆ ನೌಕೆಯ ಮೂತಿಯನ್ನೇ ತಿರುಗಿಸಿ ಬಿಡಬೇಕಿತ್ತು. ಟಾರ್ಪಿಡೊ ಮಾತ್ರ ಒಳ್ಳೆಯದೇ ಇತ್ತು. ಫ್ಯೂಮೆ ಮತ್ತು ನೇಪಲ್ಸ್ ಕಾರ್ಖಾನೆಗಳ 533 ಮಿಲಿಮೀಟರ್ ಟಾರ್ಪಿಡೊ ತಾಕಿದರೆ ಸಿಡಿಯುತ್ತಿತ್ತು. 1940ರಲ್ಲಿ ಜರ್ಮನ್ನರ ಅಯಸ್ಕಾಂತ ಪಿಸ್ತೂಲುಗಳು, ಅಂದರೆ ಟಾರ್ಪಿಡೊವನ್ನು ಸಿಡಿಸುವ ಸಾಧನಗಳು, ಮಾಡಿದ ಅವಾಂತರ ಇವರಿಗೆ ಇರಲಿಲ್ಲ.

ಇವೆಲ್ಲದರ ಮೇಲೆ ಯುದ್ಧನೀತಿ. ಇಟಲಿಯ ಪಡೆಯಲ್ಲಿ ಚಾಲ್ತಿಯಲ್ಲಿದ್ದ ಪದ 'ಅಗ್ವಾತೊ', ಅಂದರೆ ಹೊಂಚು. ಪ್ರತಿ ನೌಕೆಗೂ ಸಮುದ್ರದ ಒಂದು ಚೌಕ ಕೊಡುವುದು, ಅದು ಹಗಲು ನೀರಡಿ ಕೂತು ಬಂದದ್ದನ್ನು ಹೊಡೆಯುವುದು, ರಾತ್ರಿ ಮೇಲೆ ಬಂದು ಬ್ಯಾಟರಿ ತುಂಬಿಕೊಳ್ಳುವುದು. ರಾತ್ರಿ ಮೇಲೆ ತೇಲಿಕೊಂಡೇ ದಾಳಿ ಮಾಡುವ ಅಭ್ಯಾಸ ಇರಲೇ ಇಲ್ಲವೆನ್ನಬೇಕು. 1936-37ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಗುಟ್ಟಾಗಿ ಸಬ್‌ಮರೀನ್ ಕಳಿಸಿದ್ದರಿಂದ ಅನುಭವ ಸಿಕ್ಕಿರಬೇಕಲ್ಲ ಎಂದು ಕೇಳಬಹುದು. ಸಿಕ್ಕಿತು, ಆದರೆ ತಪ್ಪು ಬಗೆಯದು. ಎದುರಾಳಿಯ ಬಳಿ ಸಬ್‌ಮರೀನ್ ಬೇಟೆಯ ಶಕ್ತಿಯೇ ಇಲ್ಲದ ಯುದ್ಧದಲ್ಲಿ ದೊಡ್ಡ ಗೋಪುರವೂ ನಿಧಾನದ ಮುಳುಗೂ ಯಾರಿಗೂ ತೊಂದರೆ ಅನಿಸಲಿಲ್ಲ.

1940ರ ಶರತ್ಕಾಲದಲ್ಲಿ ಇಟಲಿ ತನ್ನ ದೊಡ್ಡ ನೌಕೆಗಳನ್ನು ಜಿಬ್ರಾಲ್ಟರ್ ದಾಟಿಸಿ ಫ್ರಾನ್ಸಿನ ಬೋರ್ಡೋಗೆ ಕಳಿಸಿತು. ನೆಲೆಯ ಹೆಸರು 'ಬೇಟಾಸೋಮ್', ಬೋರ್ಡೋದ ಮೊದಲ ಅಕ್ಷರದ ಸಂಕೇತಕ್ಕೆ ಸಬ್‌ಮರೀನ್ ಎಂಬರ್ಥದ ಇಟಾಲಿಯನ್ ಪದದ ತುಣುಕು ಸೇರಿಸಿದ್ದು. ಅಡ್ಮಿರಲ್ ಆಂಜೆಲೊ ಪರೋನಾ ಮುಖ್ಯಸ್ಥ. ಜರ್ಮನ್ ಸಬ್‌ಮರೀನ್ ಪಡೆಯ ಕಾರ್ಲ್ ಡೋನಿಟ್ಸ್‌ಗೆ ಮೊದಲು ಖುಷಿಯಾಗಿತ್ತು, ಉತ್ತರ ಅಟ್ಲಾಂಟಿಕ್‌ನಲ್ಲಿ ಕಣ್ಣುಗಳು ಹೆಚ್ಚಾದವು ಎಂದು. ಅಕ್ಟೋಬರ್ 10ರಿಂದ ನವೆಂಬರ್ 30ರವರೆಗಿನ ಅವರದೇ ಲೆಕ್ಕ ಹೀಗಿದೆ: ಇಟಲಿಯ ನೌಕೆಗಳು ಕಾರ್ಯಕ್ಷೇತ್ರದಲ್ಲಿ ಕಳೆದದ್ದು ಒಟ್ಟು 243 ದಿನ, ಮುಳುಗಿಸಿದ್ದು 4,866 ಟನ್ನಿನ ಒಂದು ಹಡಗು. ಜರ್ಮನ್ನರು 378 ದಿನದಲ್ಲಿ 80 ಹಡಗು, 4,35,189 ಟನ್. ದಿನಕ್ಕೆ ಭಾಗಿಸಿದರೆ ಒಂದು ಕಡೆ 20 ಟನ್, ಇನ್ನೊಂದು ಕಡೆ 1,150. ಬೆಂಗಾವಲು ತಂಡ ಕಂಡರೂ ಸುದ್ದಿ ತಡವಾಗಿ ಬರುತ್ತಿತ್ತು, ಬಂದರೂ ಜಾಗ ತಪ್ಪಿರುತ್ತಿತ್ತು, ಹಿಂಬಾಲಿಸಲು ಆಗುತ್ತಿರಲಿಲ್ಲ. ಕೊನೆಗೆ ಡೋನಿಟ್ಸ್ ಅವರನ್ನು ದಕ್ಷಿಣದ ನೀರಿಗೆ ಕಳಿಸಿದರು.

ಈ ಅಂಕಿಯನ್ನು ತೋರಿಸಿ ಮಾತು ಮುಗಿಸಿಬಿಡುವವರಿದ್ದಾರೆ. ಅದು ಅನ್ಯಾಯ. ಜರ್ಮನ್ನರಿಗೆ ಆಗಲೇ ಒಂದು ವರ್ಷದ ಅಟ್ಲಾಂಟಿಕ್ ಅನುಭವ ಇತ್ತು, ಆ ಎರಡು ತಿಂಗಳು ಅವರ ಅತ್ಯುತ್ತಮ ಕಾಲ. ಇಟಲಿಯವರು ಚಳಿಗಾಲದ ಬಟ್ಟೆಯೂ ಸರಿಯಿಲ್ಲದೆ ಬಂದವರು. ಕಲಿತವರು ಬೇಗ ಕಲಿತರು. ಪ್ರೀಮೊ ಲೊಂಗೊಬಾರ್ಡೊ ಜರ್ಮನ್ ಕಮಾಂಡರ್ ಓಟ್ಟೊ ಕ್ರೆಚ್‌ಮರ್‌ನ ಯು-99ರಲ್ಲಿ ಜೊತೆಗೆ ಹೋಗಿ ನೋಡಿ ಬಂದ. 1941ರ ಜನವರಿಯಲ್ಲಿ 'ಟೊರೆಲ್ಲಿ'ಯ ಚುಕ್ಕಾಣಿ ಹಿಡಿದು ಒಂದೇ ಪ್ರಯಾಣದಲ್ಲಿ ನಾಲ್ಕು ಹಡಗು ಮುಳುಗಿಸಿದ. ಆಮೇಲೆ ಬಾಲ್ಟಿಕ್ ದಡದ ಗೋಟೆನ್‌ಹಾಫೆನ್‌ನಲ್ಲಿ, ಅಂದರೆ ಇಂದಿನ ಗ್ಡಿನಿಯಾದಲ್ಲಿ, ಇಟಲಿಯವರಿಗೆಂದೇ ತರಬೇತಿ ಶಾಲೆ ತೆರೆಯಿತು.

ದಕ್ಷಿಣಕ್ಕೆ ಹೋದದ್ದು ವರವಾಯಿತು. ಫ್ರೀಟೌನ್, ಬ್ರೆಜಿಲ್, ಕೆರಿಬಿಯನ್ ಕಡೆ ಹಡಗುಗಳು ಒಂಟಿಯಾಗಿ ಓಡಾಡುತ್ತಿದ್ದವು. ಅಲೆ ಶಾಂತ, ವಿಮಾನ ಕಡಿಮೆ. ದೊಡ್ಡ ಎಣ್ಣೆ ತೊಟ್ಟಿ, ದೂರದ ಓಟ, ಭಾರಿ ತೋಪು, ಇಂಥ ಕೆಲಸಕ್ಕೆ ಬೇಕಾದದ್ದೆಲ್ಲ ಇಟಲಿಯ ನೌಕೆಗಳಲ್ಲಿತ್ತು. ಬೋರ್ಡೋದಿಂದ ಒಟ್ಟು 32 ನೌಕೆಗಳು ದುಡಿದವು, 109 ವ್ಯಾಪಾರಿ ಹಡಗುಗಳು ಮುಳುಗಿದವು, 5,93,864 ಟನ್. ಆ ನೌಕೆಗಳಲ್ಲಿ ಅರ್ಧದಷ್ಟು ಅಟ್ಲಾಂಟಿಕ್‌ನಲ್ಲೇ ಉಳಿದವು. ಕೆಂಪು ಸಮುದ್ರದಲ್ಲಿ ಬದುಕಿ ಉಳಿದ ನಾಲ್ಕೂ ಈ 32ರಲ್ಲಿ ಸೇರಿವೆ. 1941ರ ಮಾರ್ಚ್‌ನಲ್ಲಿ ಮಸ್ಸಾವಾ ಕೈಬಿಡುವ ಮುಂಚೆ ಅವು ಆಫ್ರಿಕಾದ ತುದಿ ಸುತ್ತಿ, ದಾರಿಯಲ್ಲಿ ಜರ್ಮನ್ ಹಡಗುಗಳಿಂದ ಎಣ್ಣೆ ತುಂಬಿಸಿಕೊಂಡು, ಎರಡು ತಿಂಗಳಿಗೂ ಮೀರಿ ಓಡಿ ಬೋರ್ಡೋ ಮುಟ್ಟಿದವು. ಎಸಿಯಿಂದ ಸತ್ತುಬಿದ್ದಿದ್ದ ಪೆರ್ಲಾ ಕೂಡ. ಅದು 700 ಟನ್ ಸಮೀಪದ ಕರಾವಳಿ ನೌಕೆ, ಸಾಗರಕ್ಕೆಂದು ಕಟ್ಟಿದ್ದೇ ಅಲ್ಲ.

ಆ ಒಟ್ಟು ಮೊತ್ತದೊಳಗೆ ಇನ್ನೊಂದು ಸಂಗತಿ ಅಡಗಿದೆ. 'ಲಿಯೊನಾರ್ಡೊ ಡ ವಿಂಚಿ' 1,20,243 ಟನ್, ಕಾರ್ಲೊ ಫೇಚಾ ಡಿ ಕೊಸ್ಸಾಟೊ ನಡೆಸಿದ 'ಟಾಟ್ಸೊಲಿ' 96,650 ಟನ್. ಎರಡೇ ನೌಕೆಗಳು ಸೇರಿ ಮೂರನೇ ಒಂದಕ್ಕೂ ಹೆಚ್ಚು. ಜಾನ್‌ಫ್ರಾಂಕೊ ಗತ್ಸಾನಾ ಪ್ರಿಯಾರೊಜ್ಜಿಯಾ 1943ರಲ್ಲಿ ಡ ವಿಂಚಿಯನ್ನು ಹಿಂದೂ ಮಹಾಸಾಗರದವರೆಗೆ ಕೊಂಡೊಯ್ದು ಒಂದೇ ಪ್ರಯಾಣದಲ್ಲಿ ಆರು ಹಡಗು, 58,973 ಟನ್ ಮುಳುಗಿಸಿದ. ಮೊದಲ ಬಲಿ 21,517 ಟನ್ನಿನ 'ಎಂಪ್ರೆಸ್ ಆಫ್ ಕೆನಡಾ'. ಅದರಲ್ಲಿ ಸೆರೆಯಾಳಾಗಿ ಸಾಗುತ್ತಿದ್ದ ಇಟಲಿಯವರೂ ಇದ್ದರು, ಸತ್ತವರಲ್ಲಿ ಅವರೂ ಸೇರಿದರು. ಮರಳುವ ದಾರಿಯಲ್ಲಿ ಮೇ 23ರಂದು 'ಆಕ್ಟಿವ್', 'ನೆಸ್' ಎಂಬ ಎರಡು ಬ್ರಿಟಿಷ್ ನೌಕೆಗಳು ಡ ವಿಂಚಿಯನ್ನು ಹಿಡಿದವು. ಒಬ್ಬನೂ ಉಳಿಯಲಿಲ್ಲ. ಟಾಟ್ಸೊಲಿಯೂ ಅದೇ ತಿಂಗಳು ಕಾಣೆಯಾಯಿತು. ಒಂದೇ ಅಚ್ಚಿನ ನೌಕೆಗಳಲ್ಲಿ ಒಂದು ಲಕ್ಷ ಟನ್ ಮುಳುಗಿಸಿ ಇನ್ನೊಂದು ಬರಿಗೈಲಿ ಬಂದರೆ ಕಮಾಂಡರ್ ಯಾರು, ಯಾವ ನೀರಿಗೆ ಕಳಿಸಿದರು ಎಂದು ಕೇಳಲೇಬೇಕು.

ಸುಳ್ಳು ಲೆಕ್ಕದ ಮಾತು ಬಂದಾಗ 'ಬಾರ್ಬಾರಿಗೊ'ವನ್ನು ಬಿಡುವ ಹಾಗಿಲ್ಲ. ಅದರ ಕಮಾಂಡರ್ ಎಂಜೊ ಗ್ರೊಸ್ಸಿ 1942ರ ಮೇಯಲ್ಲಿ ಬ್ರೆಜಿಲ್ ಎದುರಿಗೆ ಒಂದು, ಅಕ್ಟೋಬರಿನಲ್ಲಿ ಫ್ರೀಟೌನ್ ಕಡೆ ಇನ್ನೊಂದು, ಹೀಗೆ ಎರಡು ಅಮೆರಿಕನ್ ಬ್ಯಾಟಲ್‌ಶಿಪ್ ಮುಳುಗಿಸಿದೆನೆಂದು ವರದಿ ಮಾಡಿದ. ಬಡ್ತಿ ಬಂತು, ಚಿನ್ನದ ಪದಕ ಬಂತು. ಮೊದಲನೆಯದು 'ಮಿಲ್ವಾಕೀ' ಎಂಬ ಕ್ರೂಸರ್, ಟಾರ್ಪಿಡೊ ತಾಕಿರಲಿಲ್ಲ. ಎರಡನೆಯದು 'ಪೆಟೂನಿಯಾ' ಎಂಬ ಬ್ರಿಟಿಷ್ ಕಾರ್ವೆಟ್, ಸುಮಾರು 62 ಮೀಟರ್ ಉದ್ದದ ಪುಟ್ಟ ಹಡಗು. ಬ್ಯಾಟಲ್‌ಶಿಪ್ ಎಂದುಕೊಂಡು ಟಾರ್ಪಿಡೊಗಳ ಆಳವನ್ನು ಅದಕ್ಕೆ ತಕ್ಕಂತೆ ಇಟ್ಟಿದ್ದರಿಂದ ಅವು ಕಾರ್ವೆಟ್‌ನ ಅಡಿಯಲ್ಲೇ ಹಾದುಹೋದವು. ರಾತ್ರಿಯ ಕತ್ತಲಲ್ಲಿ ಗಾತ್ರ ಅಂದಾಜು ಮಾಡುವುದು ಎಷ್ಟು ಕಷ್ಟವೆಂದು ವಾದಿಸಬಹುದು. ಆದರೆ 62 ಮೀಟರಿಗೂ 190 ಮೀಟರಿಗೂ ನಡುವಿನ ಅಂತರ ಕತ್ತಲೆಯದಷ್ಟೇ ಅಲ್ಲ, ಆಸೆಯದೂ ಹೌದು. ಯುದ್ಧ ಮುಗಿದ ಮೇಲೆ ವಿಚಾರಣೆ ನಡೆದು ಆ ಗೌರವಗಳನ್ನು ಹಿಂಪಡೆದರು.

ಆ ದೊಡ್ಡ ಗೋಪುರ ಒಮ್ಮೆ ಮಾತ್ರ ಪುಣ್ಯದ ಕೆಲಸಕ್ಕೆ ಬಂತು. 1940ರ ಅಕ್ಟೋಬರಿನಲ್ಲಿ 'ಕಪ್ಪೆಲ್ಲೀನಿ'ಯ ಸಾಲ್ವಟೋರೆ ತೊದಾರೊ 'ಕಬಾಲೊ' ಎಂಬ ಬೆಲ್ಜಿಯನ್ ಹಡಗನ್ನು ತೋಪಿನಿಂದ ಹೊಡೆದು ಮುಳುಗಿಸಿದ. ನೀರಿಗೆ ಬಿದ್ದ 26 ಜನರ ದೋಣಿಯನ್ನು ಮೊದಲು ಹಗ್ಗ ಕಟ್ಟಿ ಎಳೆದ. ಹಗ್ಗ ಹರಿಯಿತು. ಆಮೇಲೆ ಅವರನ್ನು ನೌಕೆಗೇ ಹತ್ತಿಸಿಕೊಂಡು, ಗೋಪುರದ ಸೂರಿನಡಿಯೂ ಕೂರಿಸಿಕೊಂಡು ಅಜೋರ್ಸ್ ದ್ವೀಪದವರೆಗೆ ಒಯ್ದು ಇಳಿಸಿದ. ಅಷ್ಟು ಹೊತ್ತೂ ಮುಳುಗುವ ಹಾಗಿರಲಿಲ್ಲ.

ಭೂಮಧ್ಯ ಸಮುದ್ರದ ಚಿತ್ರ ಬೇರೆ. ಅಲ್ಲಿ ಇಟಲಿಯ ಸಬ್‌ಮರೀನ್‌ಗಳಿಗೆ ಮುಖ್ಯ ಕೊರತೆ ಗುರಿಗಳದೇ. ಲಿಬಿಯಾಗೆ ಸಾಮಾನು ಒಯ್ಯುವ ಇಟಲಿಯ ಹಡಗುಗಳು ವಾರವಾರವೂ ಬ್ರಿಟಿಷ್ ಸಬ್‌ಮರೀನ್‌ಗಳ ಎದುರಿಗೆ ಹಾದುಹೋಗುತ್ತಿದ್ದವು. ಬ್ರಿಟಿಷರ ಸಾಮಾನು ಹೆಚ್ಚಾಗಿ ಆಫ್ರಿಕಾ ಸುತ್ತಿ ಸೂಯೆಜ್ ಕಡೆಯಿಂದ ಬರುತ್ತಿತ್ತು. ಬ್ರಿಟಿಷರ ಹಿಡಿತದ ಮಾಲ್ಟಾ ದ್ವೀಪಕ್ಕೆ ಆಗೊಮ್ಮೆ ಈಗೊಮ್ಮೆ ಹೋಗುವ ತಂಡಕ್ಕೆ ಕ್ರೂಸರ್, ಡೆಸ್ಟ್ರಾಯರ್‌ಗಳ ಗೋಡೆ. ಜೊತೆಗೆ ತಿಳಿನೀರು, ಶಾಂತ ದಿನದಲ್ಲಿ ಪೆರಿಸ್ಕೋಪ್ ಆಳದಲ್ಲಿರುವ ನೌಕೆಯ ನೆರಳು ವಿಮಾನಕ್ಕೆ ಕಾಣುತ್ತದೆ. ಹೀಗಿರುವಾಗ ಟನ್‌ಗಳಲ್ಲಿ ಹೋಲಿಸುವುದು ಕೆರೆಯ ಬಲೆಯನ್ನು ಕಡಲ ಬಲೆಯ ಜೊತೆ ತೂಗಿದಂತೆ.

ಆ ಗೋಡೆಯನ್ನು ಒಡೆದ ಒಂದು ಸಂಜೆಯನ್ನು ಹತ್ತಿರದಿಂದ ನೋಡಬಹುದು. 1942ರ ಆಗಸ್ಟ್ 12, ಮಾಲ್ಟಾಗೆ ಹೊರಟ 'ಪೆಡೆಸ್ಟಲ್' ತಂಡ ಟುನೀಸಿಯಾದಾಚೆ ಇಕ್ಕಟ್ಟಿನ ದಾರಿಗೆ ಸಾಲು ಬದಲಿಸುತ್ತಿತ್ತು. ರೆನಾಟೊ ಫೆರ್ರೀನಿಯ 'ಅಕ್ಸುಮ್' ಸುಮಾರು 680 ಟನ್ನಿನ ನೌಕೆ, ಮುಂದೆ ನಾಲ್ಕು ಟಾರ್ಪಿಡೊ ಕೊಳವೆ. ರಾತ್ರಿ 8 ಗಂಟೆಗೆ ಐದು ನಿಮಿಷ ಇರುವಾಗ, ಸುಮಾರು 1,300 ಮೀಟರ್ ದೂರದಿಂದ ನಾಲ್ಕನ್ನೂ ಬಿಟ್ಟ. 63 ಸೆಕೆಂಡಿಗೆ ಮೊದಲ ಸ್ಫೋಟ ಕೇಳಿಸಿತು. 1,300ನ್ನು 63ರಿಂದ ಭಾಗಿಸಿ ನೋಡಿ, ಸೆಕೆಂಡಿಗೆ 20 ಮೀಟರ್ ಚಿಲ್ಲರೆ, ಸರಿಯಾಗಿ 40 ನಾಟ್. ದೂರದ ಅಂದಾಜು ಎಷ್ಟು ಕರಾರುವಾಕ್ಕಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸ್ವಲ್ಪ ಹೊತ್ತಿಗೆ ಇನ್ನೆರಡು ಸ್ಫೋಟ. ಒಂದೇ ಸುತ್ತಿಗೆ ಮೂರು ಹಡಗು ತಾಕಿದ್ದವು: ಕ್ರೂಸರ್ 'ನೈಜೀರಿಯಾ', ಕ್ರೂಸರ್ 'ಕೈರೊ', ಟ್ಯಾಂಕರ್ 'ಒಹಾಯೊ'. ಕೈರೊದ ಹಿಂಬದಿ ಹಾರಿಹೋಗಿ ಬ್ರಿಟಿಷರೇ ಅದನ್ನು ಮುಳುಗಿಸಬೇಕಾಯಿತು, ನೈಜೀರಿಯಾ ಜಿಬ್ರಾಲ್ಟರಿಗೆ ತಿರುಗಿತು.

ಪೆಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಮಾಲ್ಟಾದಿಂದ ಬರುವ ಯುದ್ಧವಿಮಾನಗಳಿಗೆ ರೇಡಿಯೊದಲ್ಲಿ ದಾರಿ ಹೇಳುವ ಸಲಕರಣೆ ತಂಡದಲ್ಲಿ ಉಳಿದಿದ್ದದ್ದು ಈ ಎರಡು ಕ್ರೂಸರ್‌ಗಳಲ್ಲೇ. ಅವು ಹೋದದ್ದೇ ತಂಡ ಆಕಾಶದ ಕಡೆಯಿಂದ ಕುರುಡಾಯಿತು. ಸಾಲು ಚದುರಿದ ಹೊತ್ತಿಗೇ ವಿಮಾನ ದಾಳಿ ಬಂತು, 'ಅಲಾಜಿ' ಎಂಬ ಇನ್ನೊಂದು ಸಬ್‌ಮರೀನ್ 'ಕೆನ್ಯಾ' ಕ್ರೂಸರಿಗೆ ಟಾರ್ಪಿಡೊ ಹೊಡೆಯಿತು, ರಾತ್ರಿ ಟಾರ್ಪಿಡೊ ದೋಣಿಗಳು ಬಂದವು. ಟನ್ ಲೆಕ್ಕದಲ್ಲಿ ಅಕ್ಸುಮ್‌ಗೆ ಸಿಗುವುದು 4,000 ಚಿಲ್ಲರೆ ಟನ್ನಿನ ಒಂದು ಹಳೆಯ ಕ್ರೂಸರ್. ಅದೇ ದಿನ 'ಕೊಬಾಲ್ಟೊ', 'ದಗಬೂರ್' ಎಂಬ ಎರಡು ನೌಕೆಗಳನ್ನು ಬ್ರಿಟಿಷ್ ಡೆಸ್ಟ್ರಾಯರ್‌ಗಳು ಗುದ್ದಿ ಮುಳುಗಿಸಿದವು. ಅಕ್ಸುಮ್, ಅಲಾಜಿ, ದಗಬೂರ್ ಮೂರೂ ಅದುವಾ ವರ್ಗದವು. ಆ ವರ್ಗದ 17 ನೌಕೆಗಳಲ್ಲಿ ಯುದ್ಧ ಮುಗಿಯುವಾಗ ಉಳಿದದ್ದು ಅಲಾಜಿ ಒಂದೇ.

ಹೋದ ನೌಕೆಗಳೆಲ್ಲ ಬೇಟೆಯಲ್ಲಿ ಹೋದವಲ್ಲ. 1941ರ ಕೊನೆಗೆ ಆಫ್ರಿಕಾದಲ್ಲಿ ಎಣ್ಣೆ ತೀರಿದಾಗ ಸಬ್‌ಮರೀನ್‌ಗಳನ್ನು ಟ್ಯಾಂಕರ್ ಮಾಡಿದರು. 'ಅಮ್ಮಿರಾಲ್ಯೊ ಸೇಂಟ್ ಬೊನ್' ದೂರ ಸಾಗರದಲ್ಲಿ ವ್ಯಾಪಾರಿ ಹಡಗು ಬೇಟೆಯಾಡಲೆಂದೇ ಕಟ್ಟಿದ ನೌಕೆ. 14 ಕೊಳವೆ, ಹೆಚ್ಚು ಟಾರ್ಪಿಡೊ ಹಿಡಿಸಲೆಂದು 450 ಮಿಲಿಮೀಟರಿನ ಸಣ್ಣ ಟಾರ್ಪಿಡೊ. 1942ರ ಜನವರಿ 5ರಂದು ಅದು ಇಂಧನ ಹೊತ್ತು ಲಿಬಿಯಾ ಕಡೆ ಹೊರಟಿದ್ದಾಗ ಬ್ರಿಟಿಷ್ 'ಅಪ್‌ಹೋಲ್ಡರ್' ಹೊಡೆಯಿತು. ಮಾರ್ಚ್‌ನಲ್ಲಿ 14ಕ್ಕೆ 'ಮಿಲ್ಲೊ', 17ಕ್ಕೆ ಕೆಂಪು ಸಮುದ್ರದಿಂದ ಆಫ್ರಿಕಾ ಸುತ್ತಿ ಬಂದಿದ್ದ ನಾಲ್ಕರಲ್ಲಿ ಒಂದಾದ 'ಗುಲ್ಯೆಲ್‌ಮೊಟ್ಟಿ', 18ಕ್ಕೆ 'ಟ್ರಿಕೆಕೊ', ಐದು ದಿನದಲ್ಲಿ ಮೂರನ್ನೂ ಬ್ರಿಟಿಷ್ ಸಬ್‌ಮರೀನ್‌ಗಳೇ ತೆಗೆದವು. ಬಂದರಿಗೆ ಬರುವ ಹೊತ್ತು, ದಾರಿ ಎರಡೂ ಗೊತ್ತಿದ್ದವನಿಗೆ, ನೀರ ಮೇಲೆ ಬರುವ ನೌಕೆ ಸುಲಭದ ತುತ್ತು.

ಇಟಲಿಯ ಸಬ್‌ಮರೀನ್ ಅತಿ ದೊಡ್ಡ ಪೆಟ್ಟು ಕೊಟ್ಟ ರಾತ್ರಿ ಒಂದೂ ಟಾರ್ಪಿಡೊ ಹಾರಿಸಲಿಲ್ಲ. ಜೂನಿಯೊ ವಲೇರಿಯೊ ಬೊರ್ಗೇಸೆಯ 'ಶಿರೆ' ಕೂಡ ಅದುವಾ ವರ್ಗದ್ದೇ. ಅದರ ತೋಪು ತೆಗೆದು ಮೇಲ್ಕಟ್ಟಿನಲ್ಲಿ ಮೂರು ಉಕ್ಕಿನ ಉರುಳೆಗಳನ್ನು ಕೂರಿಸಿದ್ದರು. ಒಂದೊಂದರಲ್ಲಿ ಒಂದು 'ಮಯಾಲೆ', ಅಂದರೆ ಹಂದಿ. ಓಡಿಸುವವರು ಬೈದುಕೊಂಡು ಇಟ್ಟ ಹೆಸರು. ಸುಮಾರು ಏಳು ಮೀಟರ್ ಉದ್ದದ, ಬ್ಯಾಟರಿಯಿಂದ ಎರಡು ಮೂರು ನಾಟ್‌ನಲ್ಲಿ ಓಡುವ ಟಾರ್ಪಿಡೊ, ಮೇಲೆ ಇಬ್ಬರು ಕುದುರೆ ಸವಾರರಂತೆ ಕೂರುತ್ತಾರೆ. ಮೂತಿಯ ಸಿಡಿತಲೆಯನ್ನು ಬಿಚ್ಚಿ ಹಡಗಿನ ಅಡಿಗೆ ಕಟ್ಟಿ ಬರಬೇಕು. ಇದೇ ಕೆಲಸಕ್ಕೆ ಮೊದಲು ಹೊರಟ 'ಇರಿಡೆ', 'ಗೊಂಡಾರ್' ಎರಡೂ 1940ರಲ್ಲೇ ದಾರಿಯಲ್ಲಿ ಮುಳುಗಿದ್ದವು. 1941ರ ಡಿಸೆಂಬರ್ 18ರ ರಾತ್ರಿ ಶಿರೆ ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ 15 ಮೀಟರ್ ಆಳದಲ್ಲಿ ಮೂರು ಜೋಡಿಯನ್ನು ಇಳಿಸಿ ಹಿಂತಿರುಗಿತು. ಲುಯಿಜಿ ದುರಾಂಡ್ ಡೆ ಲಾ ಪೆನ್ನೆಯ ಮಯಾಲೆಯ ಪ್ರೊಪೆಲ್ಲರಿಗೆ ತಂತಿ ಸುತ್ತಿ ಅದು ನಿಂತಿತು. ಅವನು ಕೆಸರಿನಲ್ಲಿ ಅದನ್ನು ಕೈಯಿಂದಲೇ ಎಳೆದು 'ವೇಲಿಯಂಟ್' ಅಡಿಗೆ ತಂದಿಟ್ಟ. ಬೆಳಗಾಗುವಾಗ ವೇಲಿಯಂಟ್, 'ಕ್ವೀನ್ ಎಲಿಜಬೆತ್' ಎಂಬ ಎರಡು ಬ್ಯಾಟಲ್‌ಶಿಪ್‌ಗಳೂ ತಳ ಕಚ್ಚಿದ್ದವು, ಜೊತೆಗೆ ಒಂದು ಟ್ಯಾಂಕರಿಗೂ ಒಂದು ಡೆಸ್ಟ್ರಾಯರಿಗೂ ಏಟು. ನಿಧಾನಕ್ಕೆ, ಸದ್ದಿಲ್ಲದೆ, ನೆಲ ಹಿಡಿದು ಸಾಗಿ, ಒಂದೇ ಜಾಗಕ್ಕೆ ಕರಾರುವಾಕ್ಕಾಗಿ ತಲುಪುವುದು ಇಟಲಿಯ ತರಬೇತಿಗೆ ಒಗ್ಗಿದ ಕೆಲಸ. ಲೆಕ್ಕಯಂತ್ರ ಇಲ್ಲದ್ದು ಅಲ್ಲಿ ಅಡ್ಡಿಯೇ ಅಲ್ಲ. ಶಿರೆ ಮರುವರ್ಷ ಆಗಸ್ಟ್ 10ರಂದು ಹೈಫಾ ಎದುರಿಗೆ 'ಐಲೇ' ಎಂಬ ಸಶಸ್ತ್ರ ಟ್ರಾಲರ್‌ನ ಡೆಪ್ತ್ ಚಾರ್ಜ್‌ಗಳಿಗೆ, ಅಂದರೆ ನೀರಡಿ ಸಿಡಿಯುವ ಬಾಂಬುಗಳಿಗೆ, ಬಲಿಯಾಯಿತು. ಎರಡು ಬ್ಯಾಟಲ್‌ಶಿಪ್ ಕೆಡವಿದ ನೌಕೆಯನ್ನೂ ಹಿಡಿದದ್ದು ಕೊನೆಗೆ ಟ್ರಾಲರೇ.

1943ರ ಸೆಪ್ಟೆಂಬರ್ 8ರಂದು ಇಟಲಿ ಕದನವಿರಾಮ ಸಾರುವ ಹೊತ್ತಿಗೆ 80ಕ್ಕೂ ಹೆಚ್ಚು ಸಬ್‌ಮರೀನ್‌ಗಳು ಹೋಗಿದ್ದವು. ಬೋರ್ಡೋದಲ್ಲಿ ಉಳಿದಿದ್ದವನ್ನು ಅಷ್ಟರಲ್ಲಿ ಸರಕು ನೌಕೆಗಳನ್ನಾಗಿ ಬದಲಿಸಿ ಜಪಾನಿನ ಹಿಡಿತದ ಪೂರ್ವದೇಶಗಳಿಗೆ ಕಳಿಸತೊಡಗಿದ್ದರು. ಅಲ್ಲಿಂದ ಜರ್ಮನಿಗೆ ರಬ್ಬರ್ ತರಬೇಕಿತ್ತು. ತೊದಾರೊ 26 ಜನರನ್ನು ಹತ್ತಿಸಿಕೊಂಡಿದ್ದ ಕಪ್ಪೆಲ್ಲೀನಿ ಜುಲೈನಲ್ಲಿ ಸುಮಾತ್ರಾದ ಸಬಾಂಗ್ ಮುಟ್ಟಿತು. ಕದನವಿರಾಮದ ಸುದ್ದಿ ಬಂದಾಗ ಜಪಾನೀಯರು ವಶಪಡಿಸಿಕೊಂಡು ಜರ್ಮನ್ನರಿಗೆ ಕೊಟ್ಟರು, ಅದು ಯುಐಟಿ-24 ಆಯಿತು. 1945ರ ಮೇಯಲ್ಲಿ ಜರ್ಮನಿಯೂ ಶರಣಾದಾಗ ಜಪಾನ್ ತಾನೇ ಇಟ್ಟುಕೊಂಡು ಐ-503 ಎಂದು ಬರೆಯಿತು. 1946ರ ಏಪ್ರಿಲ್‌ನಲ್ಲಿ ಅಮೆರಿಕನ್ನರು ಅದನ್ನು ಜಪಾನಿನ ಕೀ ಜಲಸಂಧಿಗೆ ಎಳೆದೊಯ್ದು ಮುಳುಗಿಸಿದರು.